ಅವ್ವ ಹೇಳದೆ ಇಳಿಸದ ಹೇರು

ನಗುವವರು ಮೊದಲೇ ನಕ್ಕು ಮುಗಿಸಿ. ಕೊನೆಗೆ ನಗು ಬಾರದೆ ಹೋದರೆ ನನ್ನನ್ನು ಬೈಯಬೇಡಿ.

ಒಂದು ಕುರಿಹಟ್ಟಿಯಲ್ಲಿ ಮಾಳವ್ವ ಅಂತ ಒಬ್ಬ ಮುದುಕಿ, ಅವಳಿಗೊಬ್ಬ ಮಗ ಕಲ್ಲ್ಯಾ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಇವರಿಗೊಂದು ತಟ್ಟುಕುದುರೆ. ಗಿಡ್ಡ ಕಾಲು, ದುಂಡು ಹೊಟ್ಟೆ, ಅದಕ್ಕೇ ಅದರ ಹೆಸರು ಗಡಿಗಿ. ಗಂಡು ಕುದುರೆಯಾದರೂ ದಾರಿಯಲ್ಲಿ ಸಿಕ್ಕವರೆಲ್ಲ, "ಇದು ಯಾವಾಗ ಈಯತೈತೋ?" ಅಂತ ಕೇಳುವರು. "ಅವ್ವನ್ನ ಕೇಳಿ ಹೇಳತೀನ್ರಿ" ಅನ್ನುವನು ಕಲ್ಲ್ಯಾ.

ಹಟ್ಟಿ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಪಾತ್ರೆ, ಕಂಬಳಿ, ಹಿಟ್ಟು, ನಡೆಯಲಾರದ ಎಳೆಮರಿ ಎಲ್ಲ ಗಡಿಗಿಯ ಬೆನ್ನಿಗೆ. ಹೇರು ಜಾರದಂತೆ ಕಟ್ಟುವ ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಸಾಕು, ಕಳ್ಳ ಕುದುರೆ ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತಿತ್ತು. ಮಾಳವ್ವ ಅದು ಉಸಿರು ಬಿಡುವವರೆಗೆ ಸುಮ್ಮನೆ ನಿಂತು, ಬಿಟ್ಟ ಕೂಡಲೇ ಎಳೆದು ಗಂಟು ಹಾಕುವಳು. ಇಲ್ಲದಿದ್ದರೆ ಆ ದುಂಡು ಮೈಮೇಲಿಂದ ಹೇರು ಜಾರಿ ಹೊಟ್ಟೆಯ ಕೆಳಗೆ ಬರುತ್ತಿತ್ತು. ಮಗನಿಗೆ ಇದೊಂದನ್ನು ಕಲಿಸಲು ಅವಳಿಂದ ಆಗಲೇ ಇಲ್ಲ. ತಾನು ಹೋದ ಮೇಲೆ ಇವನ ಗತಿ ಏನು ಅನ್ನುವುದೇ ಅವಳ ಚಿಂತೆ.

ಒಂದು ದಿನ ಹೇಳಿದಳು, "ಗಡಿಗಿನ ಹೊಡಕೊಂಡು ಮುಂದ ಹೋಗು. ಹೊಸ ಹೊಲದಾಗ ಬೇವಿನ ಗಿಡಕ್ಕ ಕಟ್ಟಿ ಕುಂದರು. ನಾ ಕುರಿ ಹಿಂದ ಬರತೀನಿ."

ಕಲ್ಲ್ಯಾ ಹೋದ, ಕಟ್ಟಿದ, ಕುಂತ. ಸಂಜೆ ಅವ್ವ ಬಂದು ನೋಡಿದರೆ ಹೇರು ಹೊತ್ತ ಗಡಿಗಿ ನಿಂತೇ ಇದೆ. ಚೀಲದಲ್ಲಿದ್ದ ಎಳೆಮರಿ ಸತ್ತಿದೆ.

"ತಲಿ ಐತೇನೋ ನಿನಗ? ಗಡಿಗಿ ನಿಂತ ಕೂಡಲೆ ಹೇರು ಇಳಸಬೇಕು."

"ಆತವ್ವ, ನಿಂತ ಕೂಡಲೆ ಇಳಸತೀನಿ."

ಮುಂದಿನ ಸಲ ಹಳ್ಳ ದಾಟುವಾಗ ಗಡಿಗಿ ನೀರು ಕುಡಿಯಲು ನಡುನೀರಲ್ಲಿ ನಿಂತಿತು. ಕಲ್ಲ್ಯಾ ಹಿಟ್ಟಿನ ಚೀಲ ಇಳಿಸಿದ, ಪಾತ್ರೆ ಇಳಿಸಿದ, ಕೋಳಿಯ ಬುಟ್ಟಿಯನ್ನೂ ಇಳಿಸಿದ. ಹಿಟ್ಟು ಹರಿದು ಹೋಯಿತು, ಕೋಳಿ ಕೂಗುತ್ತಲೇ ಮುಳುಗಿತು. ಆವತ್ತು ತಾಯಿ ಮಗ ಉಪವಾಸ.

"ನೀರಾಗ ಯಾರರ ಇಳಸತಾರೇನೋ ಮೂಳ? ಇಳಸೂಕಿಂತ ಮೊದಲ ದೊಡ್ಡವರನ್ನ ಕೇಳಬೇಕು."

"ಆತವ್ವ, ಕೇಳಿ ಇಳಸತೀನಿ."

ಚಳಿಗಾಲ ಬಂತು. ದಾರಿಯಲ್ಲಿ ಬಂಡಿಯ ಮೇಲೊಬ್ಬ ದೊಡ್ಡ ಪೇಟದವನು ಕಂಡ. ಕಲ್ಲ್ಯಾ ಕೈಮುಗಿದು ಕೇಳಿದ, "ಹೇರು ಇಳಸಲೇನ್ರಿ ಯಜಮಾನ್ರ?"

"ಇಳಸಪ್ಪ. ನಮ್ಮ ಬಂಡ್ಯಾಗ ಇಳಸು" ಅಂದ ಆ ಪುಣ್ಯಾತ್ಮ. ಇದ್ದ ಕಂಬಳಿಗಳೆಲ್ಲ ಬಂಡಿ ಹತ್ತಿ ಹೋದವು.

ಮಾಳವ್ವ ಹಣೆ ಬಡಿದುಕೊಂಡಳು. "ಇನ್ನ ಕಂಡವರ ಮಾತು ಕೇಳಬ್ಯಾಡ. ಗೌಡ ಬರಲಿ, ದೇವರ ಬರಲಿ, ನನ್ನ ಬಾಯಿಂದ 'ಇಳಸು' ಅಂತ ಬರೂತನಕ ಹೇರು ಇಳಸಬ್ಯಾಡ."

"ಆತವ್ವ, ನೀ ಹೇಳೂತನಕ ಇಳಸೂದಿಲ್ಲ."

ಕಂಬಳಿಯಿಲ್ಲದೆ ಬರಿ ನೆಲದಲ್ಲಿ ಮಲಗಿ ಮುದುಕಿಗೆ ಕೆಮ್ಮು ಹತ್ತಿತು, ಕೆಮ್ಮಿನ ಹಿಂದೆ ಜ್ವರ. ಹಟ್ಟಿಯ ಗಂಡಸರು ಕುರಿಯ ಜೊತೆ ದೂರ ಹೋಗಿದ್ದರು. "ನನ್ನ ಗಡಿಗಿ ಮ್ಯಾಲ ಹೇರಕೊಂಡು ದವಾಖಾನಿಗೆ ನಡಿಯೋ" ಅಂದಳು. ಕಲ್ಲ್ಯಾ ಅವಳನ್ನು ಹೇರಿದ, ಪಟ್ಟಿ ಕಟ್ಟಿದ. ಗಡಿಗಿ ಹೊಟ್ಟೆ ಉಬ್ಬಿಸಿಕೊಂಡೇ ಇತ್ತು.

ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಓಡಿ ಬಂದ. "ಲಗೂನ ಇಳಸೋ ತಮ್ಮಾ, ಇನ್ನ ಜೀವ ಐತಿ."

"ಅವ್ವ, ಇಳಸಲೇನು?"

ಮಾಳವ್ವನ ತುಟಿಗಳು ಅಲುಗಿದವು, ದನಿ ಬರಲಿಲ್ಲ.

"ಅವ್ವ ಹೇಳಿಲ್ರಿ" ಅಂದ ಕಲ್ಲ್ಯಾ. ಕಂಪೌಂಡರ್ ಕೈ ಹಾಕಿದರೆ ಇವನು ಬಡಿಗೆ ಎತ್ತಿದ. ಜನ ಸೇರಿತು. ಹಿಡಿಯಬಹುದಿತ್ತು, ನಾಲ್ಕು ಜನ ಸಾಕಿತ್ತು. ಆದರೆ ಉದ್ದನೆಯ ಹುಡುಗ, ಗಿಡ್ಡ ಡೊಳ್ಳುಹೊಟ್ಟೆಯ ಕುದುರೆ, ಮೇಲೊಂದು ಮುದುಕಿ, ಅದನ್ನು ನೋಡಿ ನಗುವುದರಲ್ಲೇ ಅವರಿಗೆ ಹೊತ್ತು ಹೋಯಿತು. ಅವರ ನಗುವಿಗಿಷ್ಟು ಬೆಂಕಿ ಹಾಕ.

ಕಲ್ಲ್ಯಾ ಗಡಿಗಿಯನ್ನು ಹೊಡೆದುಕೊಂಡು ವಾಪಸ್ ಹಟ್ಟಿಯ ಕಡೆ ನಡೆದ. ಹೆಜ್ಜೆ ಹೆಜ್ಜೆಗೂ ಕೇಳಿದ, "ಇಳಸಲೇನವ್ವ?" ಅವ್ವ ಹೇಳಲಿಲ್ಲ. ಇವನು ಇಳಿಸಲಿಲ್ಲ. ಈ ಸಲ ಮಾತ್ರ ತಪ್ಪು ಮಾಡಿಲ್ಲ ಅಂತ ಅವನಿಗೆ ಖುಷಿಯೇ ಆಯಿತು.

ಊರು ದಾಟಿ ಎಷ್ಟೋ ದೂರ ಹೋದ ಮೇಲೆ ಪಟ್ಟಿ ಸಡಿಲಾಯಿತು. ಅವ್ವ ವಾಲಿದಳು, ಜಾರಿದಳು, ಹೊಟ್ಟೆಯ ಕೆಳಗೆ ಬಂದು ಮಣ್ಣಿಗೆ ಬಿದ್ದಳು. ಮೈ ತಣ್ಣಗಾಗಿತ್ತು.

ಕಲ್ಲ್ಯಾ ಗಡಿಗಿಯ ಕಡೆ ತಿರುಗಿದ. "ಅವ್ವ ಹೇಳೂ ಮೊದಲ ಇಳಸಿದೇನೋ ಗಡಿಗಿ? ಈಗ ಬೈಗಳ ನನಗ ಬರತಾವು."

ಅವಸರದಲ್ಲಿ ಎತ್ತಿ ಕೂರಿಸಿದ. ಸೆರಗಿನ ಮಣ್ಣು ಕೊಡವಿದ. ಪಟ್ಟಿ ಹಿಡಿದು, ಅವ್ವ ನಿಲ್ಲುತ್ತಿದ್ದ ಹಾಗೆ ಸುಮ್ಮನೆ ನಿಂತ. ಗಡಿಗಿ ಉಸಿರು ಬಿಟ್ಟಿತು. ಆಗ ಎಳೆದು ಗಂಟು ಹಾಕಿದ. ಹುಟ್ಟಿದಾಗಿನಿಂದ ಅಷ್ಟು ಸರಿಯಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಬೈಗುಳ ಮುಗಿದ ಮೇಲೆ ಹೊರಡೋಣ ಅಂತ, ಕುದುರೆಯ ಪಕ್ಕ ತಲೆ ತಗ್ಗಿಸಿ ಕಾಯುತ್ತಾ ನಿಂತ.