ಎರಡು ದಡದ ಕೆಂಪು

ಆದಪ್ಪ ಪಂಡಿತರು ತೀರ್ಥಯಾತ್ರೆಗೆ ಹೊರಡಲು ಇನ್ನು ಎಂಟು ದಿನಗಳಿದ್ದವು. ಅವರು ಹೋದಮೇಲೆ ಪಾಠಶಾಲೆಯಲ್ಲಿ ವ್ಯಾಕರಣದ ಪೀಠ ಯಾರದೆಂಬುದು ತೀರ್ಮಾನವಾಗಿರಲಿಲ್ಲ. ಹಿರಿಯ ಶಿಷ್ಯರು ಇಬ್ಬರು: ಪಾಯಣ್ಣ ಮತ್ತು ಚಂದಯ್ಯ. ಚಂದಯ್ಯನೇ ಪಟುತರ, ಇಬ್ಬರಲ್ಲಿ ಹೆಚ್ಚು ಜಾಣ ಎಂಬುದು ಗುರುಗಳ ಅಭಿಪ್ರಾಯವಂತೆ ಎಂಬ ಮಾತು ಅಡುಗೆಯವನ ಬಾಯಿಂದ ಪಾಯಣ್ಣನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವನಿಗೆ ಗುರುಗಳು ನಕ್ಕರೂ ಶಂಕೆ, ಸುಮ್ಮನಿದ್ದರೂ ಶಂಕೆ.

ಮಧ್ಯಾಹ್ನದ ಪಾಠ ಮುಗಿದಾಗ ಅವನು ಕೇಳಿದ: “ಗುರುಗಳೇ, ಸಂಸ್ಕೃತದಲ್ಲಿ ‘ಪಟುತರ’ ಎಂದರೆ ಸಾಕು, ಒಬ್ಬನ ಹೆಚ್ಚಳ ತಿಳಿಯುತ್ತದೆ. ಪಾರಸೀಕರ ನುಡಿಯಲ್ಲೂ ಅಂಥದೇ ಪ್ರತ್ಯಯವಿದೆಯಂತೆ. ನಮ್ಮ ಕನ್ನಡಕ್ಕೆ ಮಾತ್ರ ‘ಅವನಿಗಿಂತ’ ಎಂದು ಇನ್ನೊಬ್ಬನನ್ನು ಕರೆತಂದು ನಿಲ್ಲಿಸದೆ ಗತಿಯಿಲ್ಲ. ಇದು ನುಡಿಯ ಬಡತನವಲ್ಲವೇ?”

ಪಂಡಿತರು ಓಲೆಯ ಕಟ್ಟನ್ನು ಬದಿಗಿಟ್ಟು ಹೇಳತೊಡಗಿದರು.

ಒಂದು ಹೊಳೆಯ ಈಚೆ ದಡದಲ್ಲಿ ಒಬ್ಬ ಬಣ್ಣಗಾರನಿದ್ದ. ಮಂಜಿಷ್ಠದ ಬೇರು ಕುದಿಸಿ ಬಟ್ಟೆಗೆ ಕೆಂಪು ಏರಿಸುವುದು ಅವನ ಕಸುಬು. ಆಚೆ ದಡದಲ್ಲಿ ಇನ್ನೊಬ್ಬನಿದ್ದ. ಒಬ್ಬ ಬಣ್ಣಗಾರನ ಬಟ್ಟೆಯನ್ನು ಮತ್ತೊಬ್ಬ ಬಣ್ಣಗಾರ ನೋಡಬಾರದು, ನೋಡಿದರೆ ಬಣ್ಣ ಇಳಿಯುತ್ತದೆ ಎಂಬುದು ಅವರ ಕುಲದ ಕಟ್ಟಳೆ. ಎರಡೂ ದಡದ ಬಟ್ಟೆ ಕೊಳ್ಳುತ್ತಿದ್ದ ವರ್ತಕನಿಗೆ ಈ ಕಟ್ಟಳೆ ಚೆನ್ನಾಗಿ ಗೊತ್ತಿತ್ತು.

ಅವನು ಪ್ರತಿಸಲವೂ ಬಟ್ಟೆ ಬಿಡಿಸಿ ಮೂಗು ಮುರಿದು ಬೆಲೆ ಇಳಿಸುತ್ತಿದ್ದ. “ಇದೇನಯ್ಯಾ, ಕೆಂಪೋ, ಬಾಡಿದ ದಾಸವಾಳವೋ? ಆಚೆ ದಡದವನದು ಇನ್ನೂ ಕೆಂಪು.”

ಬಣ್ಣಗಾರ ಬೇರನ್ನು ಇಮ್ಮಡಿ ಹಾಕಿದ. ವರ್ತಕನ ಮಾತು ಬದಲಾಗಲಿಲ್ಲ. ಬಣ್ಣ ಕಚ್ಚಿಸುವ ಪಟಿಕವನ್ನು ಮುಮ್ಮಡಿ ಹಾಕಿದ. ಆಗಲೂ ಅದೇ ಮಾತು. ತನ್ನ ಪಾಕದ ಗುಟ್ಟನ್ನು ಯಾರೋ ಹೊಳೆ ದಾಟಿಸುತ್ತಿದ್ದಾರೆಂದು ಅವನಿಗೆ ಅನುಮಾನ ಹತ್ತಿತು. ಮನೆಯಲ್ಲಿ ಪಾಕ ಬಲ್ಲವನು ತಮ್ಮನೊಬ್ಬನೇ. ತಮ್ಮ ಹೊಳೆಗೆ ಸ್ನಾನಕ್ಕೆ ಹೋದರೂ ಹಿಂದೆ ಹೋಗಿ ಮರೆಯಲ್ಲಿ ನಿಂತು ನೋಡಿದ. ಏನೂ ಕಾಣದಿದ್ದುದೇ ಅವನಿಗೆ ಸಾಕ್ಷಿಯಾಯಿತು. ಒಂದು ದಿನ ತಮ್ಮನನ್ನು ಹೊರಗೆ ಹಾಕಿದ.

ಮುಂದಿನ ಸಲ ವರ್ತಕ ಬಿಡಿಸುತ್ತಿದ್ದಂತೆಯೇ ಬಟ್ಟೆ ಮಡಿಕೆಯಲ್ಲಿ ಹರಿಯಿತು. ಪಟಿಕದಲ್ಲಿ ಮತ್ತೆ ಮತ್ತೆ ಕುದಿದು ನೂಲು ಸತ್ತಿತ್ತು. ವರ್ತಕ ಅದನ್ನು ಎಸೆದು ಹೋದ. ಬಣ್ಣಗಾರ ಹರಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಕಟ್ಟಳೆ ಮುರಿದು, ಹೊಳೆ ದಾಟಿದ.

ಆಚೆ ದಡದಲ್ಲಿ ಒಬ್ಬ ಮುದುಕ ಹರಿದ ಕೆಂಪು ಬಟ್ಟೆಗಳ ನಡುವೆ ಒಂಟಿಯಾಗಿ ಕುಳಿತಿದ್ದ. ಇವನ ಹೆಗಲನ್ನು ನೋಡಿ ಕೇಳಿದ: “ವರ್ತಕ ಹೇಳುವ ಆ ‘ಇನ್ನೂ ಕೆಂಪು’ ಹಾಕುವವನು ನೀನೇ ಏನಪ್ಪಾ? ನಿನ್ನ ದೆಸೆಯಿಂದ ನಾನು ಹೆತ್ತ ಮಗನನ್ನೇ ಕಳ್ಳನೆಂದು ಅಟ್ಟಿದೆ.”

ಇಬ್ಬರೂ ಬಟ್ಟೆಗಳನ್ನು ಒಂದೇ ಹಗ್ಗದ ಮೇಲೆ ಹರವಿದರು. ಯಾವುದು ಯಾರದೆಂದು ಇಬ್ಬರಿಗೂ ಗುರುತು ಸಿಗಲಿಲ್ಲ.

ಪಂಡಿತರು ಇಲ್ಲಿಗೆ ನಿಲ್ಲಿಸಿದರು. ಪಾಯಣ್ಣ ತಲೆ ಎತ್ತಿ ಕೇಳಿದ: “ನನ್ನ ಪ್ರಶ್ನೆಗೆ ಉತ್ತರ, ಗುರುಗಳೇ?”

“‘ಅವನಿಗಿಂತ’ ಎನ್ನುವ ಮೊದಲು ಅವನನ್ನು ನೋಡಿರಬೇಕಲ್ಲ. ಚಂದಯ್ಯ ಪಾಠ ಹೇಳುವುದನ್ನು ನೀನು ಒಂದು ದಿನವಾದರೂ ಕುಳಿತು ಕೇಳಿದ್ದೀಯಾ, ಮಗು?”

ಮರುದಿನ ಬೆಳಗ್ಗೆ ಚಂದಯ್ಯ ಕಿರಿಯರಿಗೆ ಸಂಧಿಪ್ರಕರಣ ಹೇಳುವಾಗ ಪಾಯಣ್ಣ ಹೋಗಿ ಕೊನೆಯ ಸಾಲಿನಲ್ಲಿ ಕುಳಿತ.