ಕೆಳಗಿನ ಹಳ್ಳದ ತೀರ್ಥ

ಗುರು ಅಂದರೆ ಕೇಳಿದ್ದಕ್ಕೆ ಉತ್ತರ ಕೊಡುವವರು ಅಂತ ತಿಳಿದವರು ಅಡವಯ್ಯಜ್ಜನ ಮಠಕ್ಕೆ ಹೋಗಬಾರದು. ಅಲ್ಲಿ ಪ್ರಶ್ನೆ ಕೇಳಿದವನ ಕೈಗೆ ಕೆಲಸ ಬರುತ್ತಿತ್ತು.

ಮಠ ಇದ್ದದ್ದು ಒಂದು ಹಳ್ಳದ ದಂಡೆಯಲ್ಲಿ. ಮಠಕ್ಕೊಂದು ಹುಲ್ಲುಗಾವಲು, ಅದರ ತುಂಬ ದನ. ಬೆಳಿಗ್ಗೆ ಬಿಟ್ಟರೆ ಸಂಜೆವರೆಗೆ ಅವು ಬಯಲಲ್ಲೇ ಮೇಯುತ್ತಿದ್ದವು. ಮಠಕ್ಕೆ ಬಂದವರಿಗೆಲ್ಲ ಸಿಗುತ್ತಿದ್ದ ಮಜ್ಜಿಗೆ ಆ ದನಗಳದ್ದೇ.

ದನ ನೋಡಿಕೊಳ್ಳುತ್ತಿದ್ದವನು ಅಜ್ಜನ ಶಿಷ್ಯ ರೇವಯ್ಯ. ಗಟ್ಟಿ ಆಳು, ಒಳ್ಳೆಯ ಮನಸ್ಸು, ಸ್ವಲ್ಪ ಜಂಬ. ಒಂದೊಂದು ಕರುವನ್ನೂ ಅವನೇ ಎತ್ತಿ ಆಡಿಸಿ ಬೆಳೆಸಿದ್ದ. ಕೆಂದಿ ಅನ್ನುವ ಆಕಳು ಒಂದು ಸಲ ಕೆಮ್ಮಿದರೆ ಸಾಕು, ಅವನಿಗೆ ಊಟ ಸೇರುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಜಿಲ್ಲೆಯಿಂದ ನೀರು ಪರೀಕ್ಷೆ ಮಾಡುವ ಅಧಿಕಾರಿ ಬಂದ. ಮಠದಿಂದ ಮೇಲೆ ಹಳ್ಳದ ನೀರು ಒಂದು ಬಾಟಲಿ ತುಂಬಿಕೊಂಡ. ಮಠದಿಂದ ಕೆಳಗೆ ಇನ್ನೊಂದು ಬಾಟಲಿ ತುಂಬಿಕೊಂಡ. ಯಾಕೆ ಏನು ಅಂತ ಹೇಳದೆ ಹೋದ.

ಆಮೇಲೆ ಮತ್ತೆ ಬಂದಾಗ ಹೇಳಿದ. ಮೇಲಿನ ನೀರಿಗೆ ಏನೂ ಆಗಿಲ್ಲ, ಕೆಳಗಿನದು ಪೂರಾ ಕೆಟ್ಟಿದೆ. ನಿಮ್ಮ ದನ ಹೊತ್ತೆಲ್ಲ ಹಳ್ಳದಲ್ಲೇ ನಿಲ್ಲುತ್ತವೆ, ಕೊಟ್ಟಿಗೆ ತೊಳೆದ ನೀರೂ ಹಳ್ಳಕ್ಕೇ ಇಳಿಯುತ್ತದೆ. ಕೆಳಗೆ ತಗ್ಗಿನಹಾಳದ ಜನ ಅದನ್ನೇ ಕುಡಿಯುತ್ತಾರೆ. ಮಳೆಗಾಲ ಮುಗಿಯುವುದರೊಳಗೆ ಸರಿ ಮಾಡಿ, ಇಲ್ಲದಿದ್ದರೆ ದನ ಈ ಹುಲ್ಲುಗಾವಲು ಬಿಡಬೇಕಾಗುತ್ತದೆ ಅಂದ.

ಈ ಹುಲ್ಲುಗಾವಲು ಬಿಟ್ಟರೆ ದನಕ್ಕೆ ಬೇರೆ ಹುಲ್ಲಿಲ್ಲ. ಒಂದೊಂದಾಗಿ ಯಾರ್ಯಾರದೋ ಮನೆಯ ಹಗ್ಗಕ್ಕೆ ಹೋಗಬೇಕು. ರೇವಯ್ಯನಿಗೆ ಮೈಯೆಲ್ಲ ಉರಿಯಿತು.

"ಸಾಹೇಬ್ರ, ಸಗಣಿ ಹಚ್ಚಿ ನೆಲ ಸಾರಸ್ತೀವಿ. ಸಗಣಿ ಉಂಡಿ ಮಾಡಿ ದೇವರಂತ ಪೂಜಾ ಮಾಡ್ತೀವಿ. ಅದರಿಂದ ನೀರು ಕೆಡತೈತಿ ಅಂತ ಹೇಳಿದವರು ನೀವೊಬ್ರ ನೋಡ್ರಿ."

ಅಧಿಕಾರಿ ವಾದಕ್ಕೆ ನಿಲ್ಲಲಿಲ್ಲ. ಕೊಟ್ಟ ಮಜ್ಜಿಗೆ ಕುಡಿದ, ಅಜ್ಜನಿಗೆ ಕೈಮುಗಿದ, ಹೋದ.

ರೇವಯ್ಯ ಗೆದ್ದವನ ಹಾಗೆ ಅಜ್ಜನ ಕಡೆ ತಿರುಗಿ, ನಾನು ಹೇಳಿದ್ದು ಖರೆ ಹೌದೋ ಅಲ್ಲವೋ ಅಂತ ಕೇಳಿದ.

"ಖರೇನ ಐತಿ," ಅಂದರು ಅಜ್ಜ. "ಹಂಗಾದ್ರ ಈ ಸೋಮವಾರ ತೀರ್ಥದ ನೀರು ಕೆಳಗಿನ ಹಳ್ಳದಿಂದ ತಗೊಂಡು ಬಾ."

ಆ ಮಠದಲ್ಲಿ ಒಂದು ಪದ್ಧತಿ. ಪ್ರತಿ ಸೋಮವಾರ ಹಳ್ಳದ ನೀರು ತಂದು ಹಿರಿಯ ಗುರುಗಳ ಗದ್ದುಗೆಗೆ ಎರೆಯಬೇಕು, ಅದನ್ನೇ ಭಕ್ತರಿಗೆ ತೀರ್ಥ ಅಂತ ಕೊಡಬೇಕು. ಕೊಡ ಹೊರುವವನು ರೇವಯ್ಯನೇ. ಅವನು ಯಾವತ್ತೂ ದನ ಇಳಿಯುವ ಜಾಗಕ್ಕಿಂತ ಮೇಲೆ ಹೋಗಿ ತುಂಬಿಕೊಂಡು ಬರುತ್ತಿದ್ದ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಕಾಲು ತಾನೇ ಅತ್ತ ಹೋಗುತ್ತಿತ್ತು, ಅಷ್ಟೇ.

ಸೋಮವಾರ ಬಂತು. ಭಕ್ತರು ಕೂತಿದ್ದರು. ರೇವಯ್ಯ ಕೆಳಗಿನ ಹಳ್ಳದಿಂದ ಕೊಡ ತುಂಬಿ ತಂದ. ನೀರು ಹಸಿರು ಮಿಶ್ರ ಕಂದು ಬಣ್ಣ. ಮೇಲೆ ಹುಲ್ಲಿನ ಚೂರು ತೇಲುತ್ತಿದ್ದವು, ವಾಸನೆ ಬೇರೆ.

"ಸುರುವು," ಅಂದರು ಅಜ್ಜ.

ರೇವಯ್ಯನ ಕೈ ಮೇಲೇಳಲಿಲ್ಲ.

"ಇದನ್ನ ಗದ್ದಿಗಿ ಮ್ಯಾಲೆ ಹೆಂಗ ಸುರುವ್ಲಿರಿ ಅಜ್ಜಾರ? ದನ ತುಳದ ನೀರು."

ಕೂತವರಲ್ಲಿ ತಗ್ಗಿನಹಾಳದ ಪಾರವ್ವ ಇದ್ದಳು. ಹಣ್ಣು ಮುದುಕಿ, ಆದರೆ ನಾಲಿಗೆಗೆ ಮುಪ್ಪು ಬಂದಿರಲಿಲ್ಲ. ಹೊಟ್ಟೆ ಕೆಟ್ಟು ಸೊರಗಿದ್ದ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಗದ್ದಿಗಿಗೆ ಬ್ಯಾಡ ಬಿಡೋ ಯಪ್ಪಾ," ಅಂದಳು. "ನಾವು ದಿನಾ ಹೊಟ್ಟಿಗಿ ಸುರುವಿಕೋತೀವಲ್ಲ, ಅಷ್ಟ ಸಾಕು."

ರೇವಯ್ಯನ ಮುಖ ಹುಳ್ಳಗಾಯಿತು. ಆ ಮಗುವಿನ ಕಡೆ ನೋಡಿದ, ಆಮೇಲೆ ಯಾರ ಕಡೆಗೂ ನೋಡಲು ಅವನಿಂದ ಆಗಲಿಲ್ಲ. ನಾಚಿಕೆ ಅಂದರೆ ಏನು ಅಂತ ಅವತ್ತು ಗೊತ್ತಾಯಿತು ಅವನಿಗೆ.

ಅಜ್ಜ ಎದ್ದು ಕೊಡ ಇಸಕೊಂಡರು. ನೀರನ್ನು ಬೇವಿನ ಮರದ ಬುಡಕ್ಕೆ ಚೆಲ್ಲಿ, ಕೊಡವನ್ನು ಬೋರಲು ಹಾಕಿದರು. ಕೆಳಗಿನ ನೀರು ಗದ್ದುಗೆಗೆ ಎರೆಯುವಂತೆ ಆಗುವ ತನಕ ಈ ಮಠದಲ್ಲಿ ತೀರ್ಥವಿಲ್ಲ ಅಂದರು.

ಭಕ್ತರು ಗುಸುಗುಸು ಅಂದರು. ತಲೆತಲಾಂತರದಿಂದ ಬಂದದ್ದು, ಒಬ್ಬ ಶಿಷ್ಯನ ಸಲುವಾಗಿ ನಿಲ್ಲಿಸುವುದೇ ಅಂತ ಹಿರಿಯರೊಬ್ಬರು ಕೇಳಿಯೂ ಕೇಳಿದರು. ಅಜ್ಜ ಅವರಿಗೆ ಮಜ್ಜಿಗೆ ಕೊಡಿಸಿದರು.

ಮರುದಿನವೇ ರೇವಯ್ಯ ಗುದ್ದಲಿ ಹಿಡಿದ.

ಹಳ್ಳದ ಗುಂಟ ಮುಳ್ಳಿನ ಬೇಲಿ ಹಾಕಿದ. ದನ ಹಳ್ಳಕ್ಕೆ ಇಳಿಯಬಾರದಲ್ಲ, ಕುಡಿಯುವುದಕ್ಕೆ ದೊಡ್ಡ ಮರದ ನೆರಳಲ್ಲಿ ಕಲ್ಲಿನ ಬಾನಿ ಇಟ್ಟು ಬಾವಿಯಿಂದ ಪೈಪು ಎಳೆದ. ಕೊಟ್ಟಿಗೆಯ ಹಿಂದೆ, ಹಳ್ಳದಿಂದ ದೂರ, ಗುಂಡಿ ತೋಡಿ ತೊಳೆದ ನೀರನ್ನೆಲ್ಲ ಅದಕ್ಕೆ ತಿರುಗಿಸಿದ. ದಂಡೆಯ ಮೇಲಿದ್ದ ತಿಪ್ಪೆಯನ್ನು ಬುಟ್ಟಿ ಬುಟ್ಟಿ ಹೊತ್ತು ದಿನ್ನೆಗೆ ಸಾಗಿಸಿದ. ಅಂಗೈ ತುಂಬ ಬೊಬ್ಬೆ.

ಕೆಂದಿಗೆ ಇದು ಯಾವುದೂ ಸರಿಬರಲಿಲ್ಲ. ಬೇಲಿಯ ಹತ್ತಿರ ನಿಂತು ಹಳ್ಳ ನೋಡುತ್ತ ಒದರುತ್ತಿತ್ತು. ನಿನ್ನ ಸಲುವಾಗೇ ಸಾಯುತ್ತಿದ್ದೇನೆ ಮಾರಾಯ್ತಿ, ಸುಮ್ಮನಿರು ಅಂತ ಇವನು ಬೈಯುತ್ತಿದ್ದ.

ಮೊದಲ ಮಳೆ ಬಂತು. ಮಳೆ ನಿಂತದ್ದೇ ತಡ, ಕೆಳಗಿನ ಹಳ್ಳಕ್ಕೆ ಓಡಿದ. ನೋಡಿದರೆ ಅದೇ ಹಸಿರು, ಅದೇ ಕಂದು, ಅದೇ ವಾಸನೆ. ಮಂಡಿಯೂರಿ ಕೂತುಬಿಟ್ಟ.

ಎಲ್ಲಿಂದ ಬಂತು ಅಂತ ಹುಡುಕುತ್ತ ಹೋದವನು ಬಾನಿಯ ಹತ್ತಿರ ಬಂದು ನಿಂತ. ದನಗಳೆಲ್ಲ ನೆರಳು, ನೀರು ಎರಡೂ ಸಿಕ್ಕವೆಂದು ಹಗಲೆಲ್ಲ ಅಲ್ಲೇ ನಿಂತುಬಿಟ್ಟಿದ್ದವು. ಸುತ್ತಲಿನ ಹುಲ್ಲು ಬೇರು ಸಮೇತ ಹೋಗಿತ್ತು. ಬರೀ ರಾಡಿ, ಸಗಣಿ. ಮಳೆ ಅದನ್ನೆಲ್ಲ ಬಳಿದುಕೊಂಡು ಬೇಲಿಯ ಕೆಳಗಿನಿಂದ ಹಳ್ಳಕ್ಕೆ ಇಳಿಸಿತ್ತು. ದೂರದ ಹುಲ್ಲು ಮಾತ್ರ ಯಾರೂ ಮುಟ್ಟದೆ ಬಲಿತು ನಿಂತಿತ್ತು.

ರೇವಯ್ಯ ಅಜ್ಜನ ಮುಂದೆ ಹೋಗಿ ಕೂತ. ಕೈಲಾದದ್ದೆಲ್ಲ ಮಾಡಿದೆ, ಇನ್ನು ನನ್ನಿಂದ ನೀಗದು, ದನ ಕೊಟ್ಟುಬಿಡೋಣ ಅಂದ.

"ಮೊದಲ ಉಣ್ಣು," ಅಂದರು ಅಜ್ಜ.

ತಾವೇ ಬಡಿಸಲು ಬಂದರು. ಮುತ್ತಲ ಎಲೆ ಹಾಸಿ ಅದರ ಮೇಲೆ ಬಿಸಿ ನುಚ್ಚು ಹಾಕಿದರು. ರೇವಯ್ಯ ಕೈ ಹಾಕಬೇಕು ಅನ್ನುವಷ್ಟರಲ್ಲಿ ಎಲೆಯ ಅಂಚು ಕಣ್ಣಿಗೆ ಬಿತ್ತು. ಒಣಗಿದ ಪಲ್ಯ ಅಂಟಿಕೊಂಡಿತ್ತು, ಇರುವೆ ಹರಿದಾಡುತ್ತಿದ್ದವು.

"ಅಜ್ಜಾರ, ಇದು ನಿನ್ನಿ ಎಲಿರಿ. ಮುಸುರಿ ಐತಿ."

"ಹೌದು. ನಿಂದ ಎಲಿ, ನಿಂದ ಮುಸುರಿ."

"ಇದರಾಗ ಹೆಂಗ ಉಣ್ಲಿರಿ?"

"ನಿನ್ನ ದನಾನ ಕೇಳು. ಅವು ದಿನಾ ಹೆಂಗ ಉಣ್ತಾವೋ ಹಂಗ."

ರೇವಯ್ಯ ಎಲೆಯನ್ನೇ ನೋಡುತ್ತ ಕೂತ. ಆಮೇಲೆ ದಡಕ್ಕನೆ ಎದ್ದು ಹೊರಟ. ಅಜ್ಜ ಕರೆದು, ಹೊಸ ಎಲೆ ಹಾಕಿ, ಉಂಡೇ ಹೋಗು ಅಂದರು. ಎಷ್ಟು ಕಠಿಣ ಗುರುವಾದರೂ ಹಸಿದವನನ್ನು ಕಳಿಸಿ ಅವರಿಗೆ ಗೊತ್ತಿರಲಿಲ್ಲ.

ರೇವಯ್ಯ ಹುಲ್ಲುಗಾವಲನ್ನು ಗೂಟ ನೆಟ್ಟು, ಹಗ್ಗ ಕಟ್ಟಿ, ತುಂಡು ತುಂಡು ಮಾಡಿದ. ದನಕ್ಕೂ ದಿನಾ ಹೊಸ ಎಲೆ; ಇವತ್ತು ಈ ತುಂಡು, ನಾಳೆ ಆ ತುಂಡು. ಒಮ್ಮೆ ಮೇಯ್ದ ತುಂಡಿನಲ್ಲಿ ಹುಲ್ಲು ಮತ್ತೆ ಏಳುವವರೆಗೆ ದನ ಕಾಲಿಡುವಂತಿಲ್ಲ. ಜೋರು ಮಳೆಯ ದಿನ ಹಳ್ಳದಿಂದ ದೂರದ ದಿನ್ನೆಯ ತುಂಡೇ. ಕಲ್ಲಿನ ಬಾನಿಯನ್ನು ದಿನಾ ಹೊರಲಾಗದಲ್ಲ, ಒಂದು ಡ್ರಮ್ಮನ್ನು ಉದ್ದಕ್ಕೆ ಸೀಳಿ ಕೈಗಾಡಿಯ ಮೇಲೆ ಕೂರಿಸಿದ. ದನ ಎಲ್ಲಿಗೋ ನೀರು ಅಲ್ಲಿಗೆ. ಹಳ್ಳದ ಗುಂಟ ಅಗಲಕ್ಕೆ ಒಂದು ಪಟ್ಟಿ ಬಿಟ್ಟು, ಅದಕ್ಕೆ ದನದ ಬಾಯಿಯೂ ಬೇಡ, ಕುಡುಗೋಲೂ ಬೇಡ ಅಂತ ಬೇಲಿಯನ್ನು ಈಚೆಗೆ ಸರಿಸಿದ.

ದಾರಿಯಲ್ಲಿ ಹೋಗುವವರಿಗೆ ನಗಲು ಒಂದು ನೆಪ ಸಿಕ್ಕಿತು. ರೇವಯ್ಯ ದನಕ್ಕೆ ಪಂಕ್ತಿ ಹಾಕಿ ಊಟಕ್ಕೆ ಬಡಿಸುತ್ತಾನೆ, ಇನ್ನು ತಾಂಬೂಲ ಯಾವಾಗ ಅಂತ ಕೇಳಿದರು. ಕೇಳಲಿ ಬಿಡಿ. ಅವನು ಹಗ್ಗ ಬಿಚ್ಚುತ್ತಿದ್ದ, ಕಟ್ಟುತ್ತಿದ್ದ.

ಹುಲ್ಲು ಎದ್ದಿತು ನೋಡಿ! ರಾಡಿಯಾಗಿದ್ದ ಜಾಗದಲ್ಲೂ ಎಳೆ ಗರಿಕೆ ಹಬ್ಬಿತು. ಹಳ್ಳದ ದಂಡೆಯ ಪಟ್ಟಿಯಲ್ಲಿ ಜೊಂಡು ಆಳೆತ್ತರ ಬೆಳೆಯಿತು. ಹಾಲು ಹೆಚ್ಚಿತು, ಮಜ್ಜಿಗೆಯ ಹಂಡೆ ಸಾಲದೆ ಇನ್ನೊಂದು ತರಬೇಕಾಯಿತು. ಒದರುತ್ತಿದ್ದ ಕೆಂದಿ ಈಗ ಬೆಳಗಾದರೆ ಹೊಸ ತುಂಡಿನ ಹಗ್ಗದ ಹತ್ತಿರ ತಾನೇ ಮೊದಲು ಹೋಗಿ ನಿಲ್ಲುತ್ತಿತ್ತು.

ಆಮೇಲೆ ಬಂತು ದೊಡ್ಡ ಮಳೆ. ಹಗಲೆಲ್ಲ ಹೊಡೆಯಿತು. ರೇವಯ್ಯ ಗೋಣಿಚೀಲ ತಲೆಗೆ ಹಾಕಿಕೊಂಡು ದಂಡೆಯಲ್ಲೇ ನಿಂತ. ಹುಲ್ಲುಗಾವಲಿನಿಂದ ಇಳಿದ ನೀರು ಜೊಂಡಿನೊಳಗೆ ನುಗ್ಗಿತು, ತಡೆದು ನಿಂತಿತು, ಮೆಲ್ಲಗೆ ಹೊರಬಂತು. ಹೊರಬಂದದ್ದರಲ್ಲಿ ಆ ಹಸಿರು ರಾಡಿ ಇರಲಿಲ್ಲ. ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದ. ವಾಸನೆಯಿಲ್ಲ. ಆ ಮಳೆಯಲ್ಲಿ ಒಬ್ಬನೇ ಕುಣಿದ, ಹುಚ್ಚನ ಹಾಗೆ ಕುಣಿದ.

ಪ್ರವಾಹ ಇಳಿದ ಮೇಲೆ ಅಧಿಕಾರಿ ಹೇಳದೆ ಕೇಳದೆ ಬಂದ. ದನ ಮೇಯುತ್ತಿದ್ದವು. ಅವನ್ನು ಕೊಟ್ಟಿಗೆಗೆ ಕೂಡಿಹಾಕುವಷ್ಟು ಹೊತ್ತಿತ್ತು, ರೇವಯ್ಯ ಕೂಡಿಹಾಕಲಿಲ್ಲ. ಇರುವಂತೆಯೇ ನೋಡಿಕೊಂಡು ಹೋಗಿ ಅಂದ. ಅಧಿಕಾರಿ ಮೇಲಿನ ನೀರು, ಕೆಳಗಿನ ನೀರು ತುಂಬಿಕೊಂಡು ಹೋದ.

ಅವನು ಮರಳಿ ಬರುವ ತನಕ ರೇವಯ್ಯನಿಗೆ ಬಾಯಿಗೆ ರುಚಿಯಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಕಡೆಗೊಂದು ದಿನ ಅಧಿಕಾರಿಯ ಗಾಡಿ ಮಠದ ಮುಂದೆ ನಿಂತಿತು. ಮೇಲಿನ ನೀರು ಹೇಗೋ ಕೆಳಗಿನದೂ ಹಾಗೇ ಇದೆ, ದನದ ಹೊಲಸು ಅದರಲ್ಲಿಲ್ಲ ಅಂದ. ಹಳ್ಳದ ನೀರು ಯಾವತ್ತೂ ಕಾಯಿಸಿ ಆರಿಸಿಯೇ ಕುಡಿಯಬೇಕು, ಅದು ಬೇರೆ ಮಾತು ಅಂತಲೂ ಹೇಳಿದ.

"ದನ ಇಲ್ಲೇ ಇರಲಿ," ಅಂದ.

ಸಾಹೇಬರ ಮುಂದೆ ಹೇಗಿರಬೇಕೋ ಹಾಗಿರಲು ರೇವಯ್ಯನಿಂದ ಆಗಲಿಲ್ಲ. ಓಡಿಹೋಗಿ ಕೆಂದಿಯ ಕೊರಳು ತಬ್ಬಿಕೊಂಡು ಗೊಳೋ ಅಂತ ಅತ್ತ. ಅತ್ತು ನಕ್ಕ. ಹುಟ್ಟಿದಾಗಿನಿಂದ ಅಂಥ ಸಂತೋಷ ಅವನಿಗೆ ಆಗಿರಲಿಲ್ಲ.

ಸೋಮವಾರ ತಗ್ಗಿನಹಾಳಕ್ಕೆ ತಗ್ಗಿನಹಾಳವೇ ಭಜನೆ ಮಾಡುತ್ತ ಬಂತು. ಮುನಿಸಿಕೊಂಡಿದ್ದ ಹಿರಿಯರೂ ತಾಳ ಹಿಡಿದು ಬಂದರು. ರೇವಯ್ಯ ಕೆಳಗಿನ ಹಳ್ಳದಿಂದ ಕೊಡ ತುಂಬಿದ. ಸಾಹೇಬರ ಮಾತು ಮಠಕ್ಕೂ ಒಂದೇ ಅಂತ ಅಜ್ಜ ಅದನ್ನು ಕಾಯಿಸಿ ಆರಿಸಿದರು. ಆಮೇಲೆ ಸುರುವು ಅಂದರು. ಈ ಸಲ ರೇವಯ್ಯನ ಕೈ ತಡೆಯಲಿಲ್ಲ. ನೀರು ಗದ್ದುಗೆಯ ಮೇಲಿಂದ ಫಳಫಳ ಇಳಿಯಿತು, ಜನ ಜಯಜಯಕಾರ ಹಾಕಿದರು.

ರೇವಯ್ಯ ಒಬ್ಬೊಬ್ಬರಿಗೇ ತೀರ್ಥ ಕೊಡುತ್ತ ಬಂದ. ಪಾರವ್ವನ ಸರದಿ ಬಂತು. ಮೊಮ್ಮಗಳು ಈಗ ಗುಂಡಗಾಗಿ ಅಜ್ಜಿಯ ಸೆರಗು ಎಳೆಯುತ್ತ ನಿಂತಿದ್ದಳು. ಪಾರವ್ವ ತೀರ್ಥ ತಗೊಂಡಳು, ಕಣ್ಣಿಗೆ ಒತ್ತಿಕೊಂಡಳು. ಬರುವ ಸೋಮವಾರದಿಂದ ನಾನು ಇಲ್ಲಿಗೆ ಬರುವುದಿಲ್ಲ ಅಂದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ಇದ ನೀರು ನಮ್ಮನಿ ಕೊಡದಾಗ ತುಂಬಿ ಕುಂತೈತಿ," ಅಂದಳು ಪಾರವ್ವ. "ಒಂದು ಗುಟುಕಿನ ಸಲುವಾಗಿ ಮುದುಕಿ ಇಷ್ಟು ದೂರ ಯಾಕ ಕಾಲು ನೋಯಿಸಿಕೋಬೇಕು?"

ಮಠವೆಲ್ಲ ನಕ್ಕಿತು. ರೇವಯ್ಯನೂ ನಕ್ಕ.

ಜನ ಭಜನೆ ಹಾಡುತ್ತ ಊರ ಹಾದಿ ಹಿಡಿದರು. ಅಂಗಳದಲ್ಲಿ ಗುರು ಶಿಷ್ಯ ಇಬ್ಬರೇ ಉಳಿದರು. ರೇವಯ್ಯ ಬರಿದಾದ ಕೊಡ ಹಿಡಿದು ನಿಂತಿದ್ದ. ಸಂತೋಷದ ನಡುವೆಯೂ ಒಂದು ಮಾತು ಅವನನ್ನು ಚುಚ್ಚುತ್ತಿತ್ತು.

"ಅಜ್ಜಾರ, ಎಲ್ಲಾರೂ ಪಾರವ್ವನ ಗತೆ ಅಂದ್ರ, ಮಠಕ್ಕ ಯಾರು ಬರ್ತಾರ್ರಿ?"

ಅಜ್ಜ ಹಳ್ಳ ಹರಿಯುವ ಕಡೆ ನೋಡಿದರು.

"ಅವರು ಯಾಕ ಬರಬೇಕೋ ತಮ್ಮಾ? ಮಠಾನ ಅವರ ಮನಿಗಿ ಹರದು ಹೋಗೇತಿ."