ಭರಮಪ್ಪ ಖಾಲಿ ಬಿಟ್ಟ ಜಾಗ

ತಾಲ್ಲೂಕು ಕಚೇರಿಯ ಹೊಸ ಸಾಹೇಬರಿಗೆ ತಮ್ಮ ಇಂಗ್ಲಿಷಿನ ಮೇಲೆ ಬಹಳ ಹೆಮ್ಮೆ. ಒಂದು ಬೆಳಿಗ್ಗೆ ಅವರು ಜವಾನ ಭರಮಪ್ಪನನ್ನು ಕರೆದರು.

"ಟೇಕ್, ಗೆಟ್, ಮೇಕ್, ಡೂ. ಇವುಗಳ ಜೊತೆ ಯಾವ ಯಾವ ಮಾತು ಸೇರುತ್ತದೆಂದು ಸಂಜೆಯೊಳಗೆ ಬರೆದು ತೋರಿಸಯ್ಯ. ಇಲ್ಲದಿದ್ದರೆ ನಾಳೆಯೇ ಗಡಿ ಹೋಬಳಿಗೆ ವರ್ಗ!"

ಭರಮಪ್ಪನಿಗೆ ಬರುತ್ತಿದ್ದುದು ಕನ್ನಡ ಅಕ್ಷರವಷ್ಟೇ. ಆದರೆ ಬಾಗಿಲಲ್ಲಿ ಕುಳಿತು, ಬಂದುಹೋಗುವವರ ಹೊತ್ತನ್ನು ಪುಸ್ತಕದಲ್ಲಿ ಬರೆದಿಡುವುದು ಅವನ ಕೆಲಸ. ಅದೇ ಪುಸ್ತಕದಲ್ಲಿ ಮಾತಿಗೊಂದರಂತೆ ನಾಲ್ಕು ಮನೆ ಗೀಚಿಕೊಂಡು, ಸಾಹೇಬರ ಕೋಣೆಯತ್ತ ಕಿವಿಗೊಟ್ಟು ಕುಳಿತ.

ಸಂಜೆ ಸಾಹೇಬರು ಓದಿದರು. ಹನ್ನೊಂದಕ್ಕೆ ಟೇಕ್ ಟೀ. ಹನ್ನೆರಡಕ್ಕೆ ಗೆಟ್ ಆಂಗ್ರಿ. ಎರಡಕ್ಕೆ ಟೇಕ್ ರೆಸ್ಟ್. ನಾಲ್ಕಕ್ಕೆ ಮೇಕ್ ಕಾಫಿ.

"ಎಲ್ಲ ಸರಿಯಾಗಿದೆಯಲ್ಲೋ! ಎಲ್ಲಿ ಕಲಿತೆ?"

"ತಮ್ಮ ಬಾಯಿಂದಲೇ, ಸ್ವಾಮಿ."

"ಮತ್ತೆ ಡೂ ಯಾಕೆ ಖಾಲಿ? ಡೂ ವರ್ಕ್ ಅನ್ನಬಾರದೇ?"

"ದಿನವಿಡೀ ಕಾದೆ, ಸ್ವಾಮಿ. ತಾವು ಆ ಮಾತು ಎತ್ತಲೇ ಇಲ್ಲ. ನಾಳೆ ಪುಸ್ತಕ ಮೇಲಿನವರ ತಪಾಸಣೆಗೆ ಹೋಗುತ್ತದೆ. ಅಷ್ಟರೊಳಗೆ ತಾವೇ ತುಂಬಿಸಿಕೊಡಿ."

ಸಾಹೇಬರು ಆ ಹಾಳೆಯನ್ನು ಮೆಲ್ಲನೆ ಹರಿದು ಜೇಬಿಗಿಳಿಸಿದರು.

ಮರುದಿನದಿಂದ ಅವರು ಊಟವನ್ನೂ ಮರೆತು ದುಡಿದರೆಂದು ಕಚೇರಿಯವರು ಹೇಳುತ್ತಾರೆ; ಅಷ್ಟನ್ನೂ ನಂಬಬೇಕಾಗಿಲ್ಲ. ಭರಮಪ್ಪ ಮಾತ್ರ ಅದೇ ಬಾಗಿಲಲ್ಲೇ ನಿವೃತ್ತನಾದ.